ಪಾತಾಳಗರಡಿಯಲ್ಲ, ಲಂಗರು

ಹುಣಸೆಹಣ್ಣು ಹಚ್ಚಿ ಉಜ್ಜಿದ ಹಿತ್ತಾಳೆಯ ಹುಳಿವಾಸನೆ ಬಂದರೆ ಸಾಕು, ಸುರಪುರದ ನಮ್ಮ ತವರುಮನೆಯ ಅಂಗಳ ಕಣ್ಣಮುಂದೆ ಬಂದು ನಿಲ್ಲುತ್ತದೆ. ಸೋಮವಾರ ಅವ್ವ ದೀಪಗಳ ಜೊತೆಗೆ ಒಂದು ದುಂಡನೆಯ ಬಿಲ್ಲೆಯನ್ನೂ ಉಜ್ಜಿ ಬಿಸಿಲಿಗಿಡುತ್ತಿದ್ದಳು. ಅವಳ ತಮ್ಮ, ನಮ್ಮ ಸೋದರಮಾವ ಭೀಮರಾಯ, ದೂರದ ನೌಕರಿಯಿಂದ ಒಮ್ಮೆ ಊರಿಗೆ ಬಂದಾಗ "ನಮ್ಮ ಹಡಗಿಂದು ಅಕ್ಕಾ, ಜ್ವಾಕಿ" ಎಂದು ಕೊಟ್ಟು ಹೋದದ್ದು. ಮತ್ತೆ ಅವನು ಬರಲಿಲ್ಲ. ಬಿಲ್ಲೆಯ ಒಂದು ಬದಿಗೆ ಇಂಗ್ಲಿಷ್ ಅಕ್ಷರ, ಇನ್ನೊಂದು ಬದಿಗೆ ಕೊಕ್ಕೆಯ ಚಿತ್ರ. ಸಮುದ್ರ ಕಾಣದ ನಮ್ಮ ಓಣಿಗೆ ಅದು ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯೇ. ನೆರೆಮನೆಯ ಶರಣಮ್ಮ, "ಏನಬೇ, ನಿನ್ನ ತಮ್ಮ ಕೊಡ ತೆಗಿಯೋ ನೌಕರಿ ಮಾಡ್ತಾನಂತಲ್ಲ! ನಮ್ದೂ ಒಂದು ಬಿದ್ದದ, ಕರಸವ್ವಾ" ಎಂದು ಬಾವಿಕಟ್ಟೆಯನ್ನೆಲ್ಲ ನಗಿಸುತ್ತಿದ್ದಳು. "ಹಡಗೂ ಇಲ್ಲ ಗಿಡಗೂ ಇಲ್ಲ, ಓಡಿ ಹೋಗ್ಯಾನ" ಅನ್ನುವವರೂ ಇದ್ದರು. ಅವ್ವ ಮಾತ್ರ, "ನನ್ನ ತಮ್ಮ ಸುಳ್ಳ ಹೇಳಾವಲ್ಲ" ಎಂದಷ್ಟೇ ಹೇಳಿ ಕೊಡ ಹೊತ್ತು ನಡೆಯುತ್ತಿದ್ದಳು. ಸಾಯುವತನಕ ಅದೇ ಮಾತು.

ಅವ್ವ ಹೋದ ಮೇಲೆ ಬಿಲ್ಲೆ ಶಹಾಪುರಕ್ಕೆ, ನನ್ನ ಮನೆಗೆ ಬಂತು. ಅಕ್ಕಸಾಲಿ ನೋಡಿ, "ಬರೇ ಹಿತ್ತಾಳಿ ಅದ ರೀ, ತೂಕಕ್ಕ ಹಾಕ್ರಿ" ಅಂದ. ನನಗೆ ಓದು ಬಾರದು, ಆದರೆ ಹಟ ಬರುತ್ತದೆ. ಇದೇನೆಂದು ತಿಳಿಯದೆ ಕಣ್ಣು ಮುಚ್ಚುವುದಿಲ್ಲ ಎಂದು, ಈ ವರ್ಷ ಮೊಮ್ಮಗಳನ್ನು ಕಟ್ಟಿಕೊಂಡು ಯಾದಗಿರಿಯಲ್ಲಿ ಹಳೆ ನಾಣ್ಯ ಕೂಡಿಸುವವರೊಬ್ಬರ ಮನೆಗೆ ಹೋದೆ. ಅವರು ಭೂತಗನ್ನಡಿ ಹಿಡಿದು ನೋಡಿ ಮುಖ ಅರಳಿಸಿದರು. "ಪಾತಾಳಗರಡಿ ಅಲ್ರಿ ಆಯಿ, ಲಂಗರು. ಹಡಗು ನಿಲ್ಲಸೋದು. ಹೊಸಾ ಯುದ್ಧದ ಹಡಗು ಸೇವಾಕ್ಕ ಸೇರಿದಾಗ ಅದರಾಗಿನ ಮಂದಿಗಷ್ಟೇ ಕೊಟ್ಟ ನೆನಪಿನ ಬಿಲ್ಲಿ ಇದು. ಭಾಳ ಅಪರೂಪ." ಮರುಗಳಿಗೆ ಹುಬ್ಬು ಗಂಟಿಕ್ಕಿದರು. "ಆದ್ರ ಹಿಂಗ್ಯಾಕ ತಿಕ್ಕೀರಿ? ಹಡಗಿನ ಹೆಸರೇ ಸವದದ. ಕಿಮ್ಮತ್ತು ಹೋತು."

"ನಮ್ಮವ್ವ ತಿಕ್ಕ್ಯಾಳ್ರಿ. ಮಾರಾಕ ಬಂದಿಲ್ಲ, ಕೇಳಾಕ ಬಂದೀನಿ."

ಆಗ ಮೊಮ್ಮಗಳು ಬಿಲ್ಲೆಯನ್ನು ಬೆಳಕಿಗೆ ಹೊರಳಿಸಿದಳು. ಉಜ್ಜುವ ಕೈಗೆ ಸಿಗದ ಅಂಚಿನಲ್ಲಿ ಕೊರೆದ ಸಣ್ಣ ಕನ್ನಡ ಅಕ್ಷರಗಳಿದ್ದವು. "ಆಯಿ, ಭೀ-ಮ-ರಾ-ಯ ಅಂತ ಅದ!" ಎಂದು ಕೂಗಿದಳು. ನಾನು ಆ ಮನೆಯಲ್ಲೇ ಚಪ್ಪಾಳೆ ತಟ್ಟಿದೆ, ನಕ್ಕೆ, ಅವಳ ಗಲ್ಲ ಹಿಂಡಿದೆ.

ಹೊಳ್ಳುವಾಗ ಬಸ್ಸಿನಿಂದ ಶಹಾಪುರದಲ್ಲಿ ಇಳಿಯಲಿಲ್ಲ. ಸುರಪುರದ ತನಕ ಹೋದೆ. ನಕ್ಕವರು ಯಾರೂ ಉಳಿದಿಲ್ಲವೆಂದು ಗೊತ್ತಿತ್ತು. ಆದರೂ ಆ ಓಣಿಯಲ್ಲಿ ನಿಂತು ಹೇಳಲೇಬೇಕಿತ್ತು. ನಳದ ಹತ್ತಿರ ಒಬ್ಬ ಹೊಸ ಸೊಸೆ ನೀರು ತುಂಬುತ್ತಿದ್ದಳು. "ಭೀಮರಾಯ ಖರೇನೇ ಹಡಗಿನ್ಯಾಗ ಇದ್ದ ನೋಡವ್ವಾ" ಅಂದೆ.

"ಯಾವ ಭೀಮರಾಯ, ಆಯಿ?"

"ಈ ಮನಿಯಾಕಿ ತಮ್ಮ" ಎಂದು ಕೈ ಮಾಡಿದೆ. ನಾನು ತೋರಿಸಿದ ಕಡೆ ಮನೆ ಇರಲಿಲ್ಲ.