ಬಂಗಾರಿ ತೋರಿಸದ ಗೂಡು

ಹಾಲಕ್ಕಿ ಹೆಂಗಸು ಬಂಗಾರಿ ಗೌಡಳಿಗೆ ಹಾವೆಂದರೆ ಹೆದರಿಕೆ ಇರಲಿಲ್ಲ, ಭಕ್ತಿಯೂ ಅಷ್ಟಕ್ಕಷ್ಟೆ. ಹೊನ್ನಾವರದ ಕಡೆ ಅಭಯಾರಣ್ಯದ ಅಂಚಿನ ಊರಲ್ಲಿ ಮೂವತ್ತು ವರ್ಷ ಕೊಟ್ಟಿಗೆಗೆ ಹಾಸಲು ದರಕು ಗುಡಿಸಿದವಳು. ಒಣ ಎಲೆಯ ಯಾವ ರಾಶಿ ಗಾಳಿ ಕೂಡಿಸಿದ್ದು, ಯಾವುದು ಕಾಳಿಂಗ ಮೊಟ್ಟೆಯಿಡಲು ಒಟ್ಟಿದ್ದು ಎಂದು ದೂರದಿಂದಲೇ ಹೇಳುತ್ತಿದ್ದಳು. ಕಾಳಿಂಗದ್ದಾದರೆ ಸುತ್ತು ಹಾಕಿ ಹೋಗುತ್ತಿದ್ದಳು.

೨೦೦೩ರ ಮೇ ಕೊನೆಗೆ, ಎರಡು ಮಳೆ ಬಿದ್ದ ಮೇಲೆ, ಪಟ್ಟಣದ ಮೂವರು ಬಂದರು. ಮೊಣಕಾಲುದ್ದದ ಬೂಟು, ಕಬ್ಬಿಣದ ಕೊಕ್ಕೆ, ಕೊರಳಲ್ಲಿ ಕ್ಯಾಮೆರಾ. ಅವರ ಮುಖಂಡ ಹಾವುಗಳ ಇಂಗ್ಲಿಷ್ ಹೆಸರು ಹೇಳುವಾಗ ತಾನೇ ಅವನ್ನು ಹೆತ್ತವನಂತೆ ಬೀಗುತ್ತಿದ್ದ.

"ಅಜ್ಜಿ, ಕಾಳಿಂಗದ ಗೂಡು ತೋರಿಸು. ನಾವು ಹಾವು ಉಳಿಸುವವರು."

"ಅದ್ಕೆ ಎಂತ ಆಗಿತ್ತು, ನೀವು ಉಳ್ಸೂಕೆ?"

ಮೂವರೂ ನಕ್ಕರು. ಬಂಗಾರಿ ಪರವಾನಿಗೆ ಕೇಳಿದಳು. ಇಲಾಖೆಯ ಕಾಗದವಿಲ್ಲದೆ ಒಳಗೆ ಹೊಕ್ಕರೂ ತಪ್ಪು, ಹಾವು ಹಿಡಿದರಂತೂ ಕೇಸು ಎಂಬುದು ಅವಳಿಗೆ ಗೊತ್ತಿತ್ತು. ಮುಖಂಡ ಮೊಹರಿದ್ದ ಹಾಳೆಯೊಂದನ್ನು ಅವಳ ಮೂಗಿನ ಮುಂದೆ ಆಡಿಸಿ ಮಡಚಿಟ್ಟ. ಇವಳಿಗೆಲ್ಲಿ ಓದಲು ಬರುತ್ತದೆ ಎಂಬ ಧೈರ್ಯ.

ಅಷ್ಟರಲ್ಲಿ ಇನ್ನೊಬ್ಬ ಬಿದಿರಿನ ಮೇಲೆ ಮಲಗಿದ್ದ ಹಸಿರು ಮಂಡಲವೆಂಬ ವಿಷದ ಹಾವನ್ನು ಕೊಕ್ಕೆಯಿಂದ ಕಿತ್ತು ಹೂವಿನ ಕೊಂಬೆಯ ಮೇಲಿಟ್ಟ. ಫೋಟೋ ಚಂದ ಬರಬೇಕಲ್ಲ! ಹಾವು ಕೆಳಗೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಬೆಳಕು ಸಾಲದೆಂದು ಕೊನೆಗೆ ಅದನ್ನು ಬಟ್ಟೆಚೀಲಕ್ಕೆ ತುಂಬಿದ, ನಾಳೆ ಬೆಳಿಗ್ಗೆ ತೆಗೆದರಾಯಿತೆಂದು.

"ಆತು, ಬನ್ನಿ. ತೋರಿಸ್ತೆ," ಎಂದಳು ಬಂಗಾರಿ.

ಮುಳ್ಳು, ಏರು, ಜಾರುವ ಮಣ್ಣಿನಲ್ಲಿ ಒಂದು ತಾಸು ನಡೆಸಿದಳು. ಬೂಟಿನವರು ಮೂರು ಕಡೆ ಕೂತು ನೀರು ಕುಡಿದರು. ಕೊನೆಗೆ ಅವಳು ನಿಂತದ್ದು ಫಾರೆಸ್ಟ್ ಗಾರ್ಡ್ ಲೋಕೇಶನ ಕ್ವಾರ್ಟರ್ಸ್ ಬಾಗಿಲಲ್ಲಿ.

ಬಂಗಾರಿ ಹೇಳಿದ್ದನ್ನು ಕೇಳಿ ಲೋಕೇಶ ಮುಖಂಡನಿಂದ ಹಾಳೆ ಇಸಿದುಕೊಂಡು ಓದಿದ. ರಸ್ತೆ ಬದಿಯಿಂದ ಹಕ್ಕಿಗಳ ಫೋಟೋ ತೆಗೆಯಲು ಕೊಟ್ಟ ಅನುಮತಿ. ಅದೂ ಮಾರ್ಚಿಗೇ ಮುಗಿದಿತ್ತು. ಚೀಲ ಬಿಚ್ಚಿ ನೋಡಿದವನು ಗಡಬಡಿಸಿ ಮತ್ತೆ ಕಟ್ಟಿದ.

"ನಿಮ್ಮ ಮೇಲಿನವರು ನನಗೆ ಚೆನ್ನಾಗಿ ಗೊತ್ತು. ಒಂದು ಫೋನ್ ಮಾಡಿ ನೋಡಿ," ಎಂದ ಮುಖಂಡ. ಲೋಕೇಶನ ಕೈ ಫೋನಿನತ್ತ ಹೋಯಿತು.

"ಹೋದ ವರ್ಷ ಹಸಿ ಸೊಪ್ಪು ಕೊಯ್ದೆ ಅಂತ ನನ್ನ ಕತ್ತಿ ಕಸ್ಕಂಡ್ರಲ್ಲ, ಆಗ ಯಾರಿಗೆ ಫೋನ್ ಮಾಡಿದ್ರಿ?" ಎಂದಳು ಬಂಗಾರಿ.

ಲೋಕೇಶ ತಲೆಯೆತ್ತದೆ ಕೇಸು ಬರೆದ. ಹಾವನ್ನು ಅದೇ ಬಿದಿರುಮೆಳೆಗೆ ಒಯ್ದು ಬಿಟ್ಟರು.

ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂಗಾರಿಗೆ ಕರೆ ಬಂತು. ಮೂವರ ಪರ ವಕೀಲ ಜೋರು ಮಾಡಿದ: "ನೀನೂ ದಿನಾ ಕಾಡಿಗೆ ಹೋಗುವವಳೇ ತಾನೆ?"

"ಹೋತೆ. ದರಕು ತತ್ತೆ. ನನ್ನ ಹೆಡಗೆಯಾಗೆ ಹಾವು ಕಂಡವರಿದ್ರೆ ಕರೀರಿ."

ವಕೀಲ ಕೂತ. ಮೂವರಿಗೂ ದಂಡವಾಯಿತು, ಕ್ಯಾಮೆರಾ ಜಪ್ತಿಯಾಯಿತು. ಹೊರಗೆ ಬಂದ ಮುಖಂಡ ನಾಚಿಕೆಯಿಲ್ಲದೆ ಪತ್ರಿಕೆಯವರನ್ನು ನಿಲ್ಲಿಸಿಕೊಂಡು ವನ್ಯಜೀವಿ ರಕ್ಷಣೆಯ ಬಗ್ಗೆ ಭಾಷಣ ಶುರುಮಾಡಿದ. ಬಂಗಾರಿ ಬೇಲಿಯ ಬದಿಗೆ ಹೋಗಿ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗುಳಿ, ಬಸ್ ಸ್ಟ್ಯಾಂಡಿನತ್ತ ನಡೆದಳು.