ಅರ್ಧ ಅಂಗಳದಲ್ಲಿ ಬಿಟ್ಟ ಗ್ಲೌಸ್

ಲಕ್ವ ಹೊಡೆದು ನನ್ನ ಹೆಂಡತಿಯ ಬಲಗೈ ಸೋತ ಮೇಲೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಒಂದು ಉಪಾಯ ಹೇಳಿದರು: "ನಾಯಿ ಇದೆಯಲ್ಲ ಸಾರ್. ಅಮ್ಮ ಏನಾದ್ರೂ ಎಸೀಲಿ, ಅದು ತಂದು ಕೈಗೇ ಕೊಡ್ಲಿ. ಬೆರಳು ಬಿಚ್ಚೋದು, ಹಿಡಿಯೋದು ಎರಡೂ ಆಗತ್ತೆ."

ನಾಯಿ ರಿಟ್ರೀವರ್ ಜಾತಿಯದು. ಎಸೆದದ್ದನ್ನು ತರುವುದು ಅದಕ್ಕೆ ಹುಟ್ಟುಗುಣವಂತೆ. ನಮ್ಮದು ಸಿಕ್ಕಿದ್ದನ್ನು ಕಚ್ಚಿಕೊಂಡು ಪೇರಲೆ ಮರದ ಕೆಳಗೆ ಹೋಗಿ ಮಲಗುತ್ತಿತ್ತು. ಕಲಿಸುವ ಕೆಲಸ ನಾನು ವಹಿಸಿಕೊಂಡೆ.

ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತನಾದವನು. ಸೈರನ್ ನಿಂತು ಐದು ನಿಮಿಷದ ಮೇಲೆ ಬಂದವನಿಗೆ ನಮ್ಮ ಗೇಟಿನಲ್ಲಿ ಬೈಗುಳವಿರಲಿಲ್ಲ. ಸುಮ್ಮನೆ ಮುಖ ತಿರುಗಿಸುತ್ತಿದ್ದೆವು. ಅವನು ಊಟದ ಡಬ್ಬಿ ಹಿಡಿದು ವಾಪಸ್ ಹೋಗಬೇಕು.

ಬೆಳಿಗ್ಗೆ ಆರಕ್ಕೆ ಹಿತ್ತಲಿಗೆ ಇಳಿಯುತ್ತಿದ್ದೆವು. ಹಳೆಯ ಗ್ಲೌಸಿಗೆ ಬಟ್ಟೆ ತುರುಕಿ ಹೊಲಿದಿದ್ದೆ. ನಾಯಿ ಅಡ್ಡ ಓಡದಂತೆ ಕಾಂಪೌಂಡಿನ ಪಕ್ಕದಲ್ಲೇ ಎಸೆತ, ಕೊರಳಿಗೆ ಉದ್ದ ಹಗ್ಗ. "ತಾ" ಎಂದು ಹಗ್ಗ ಮೆಲ್ಲಗೆ ಎಳೆಯುವುದು, "ಬಿಡು" ಎಂದು ಕೈ ಚಾಚುವುದು, ಕೊಟ್ಟರೆ ಬಿಸ್ಕತ್ತಿನ ಚೂರು. ಮೂರು ವಾರಕ್ಕೆ ಹಗ್ಗ ಬೇಡವಾಯಿತು. ಹೆಂಡತಿ ಕುರ್ಚಿಯಲ್ಲಿ ಕೂತು ಎಸೆದ ಗ್ಲೌಸು ನಾಲ್ಕೇ ಅಡಿ ದೂರ ಬಿತ್ತು. ನಾಯಿ ತಂದು ಅವಳ ಅಂಗೈಗೆ ಇಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮೊದಲ ಸಲ ನಕ್ಕಳು.

ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಗ್ಲೌಸ್ ತರುವುದಕ್ಕೂ ವಾಚ್ ನೋಡಿ ಟೈಮ್ ಇಟ್ಟೆ. ಒಂದು ದಿನ ನಾಯಿ ಗೋಡೆ ಮೂಸಿಕೊಂಡು ನಿಧಾನವಾಗಿ ಬಂತು.

"ತಗೋಬೇಡ. ಲೇಟು. ಮುಖ ತಿರುಗಿಸು," ಅಂದೆ.

"ರೀ, ತಂದಿದೆಯಲ್ಲ ಪಾಪ. ಇದೇನು ನಿಮ್ಮ ಫ್ಯಾಕ್ಟ್ರಿ ಗೇಟಾ ಮಾರಾಯ್ರೇ?"

"ನಾಳೆ ನೋಡು, ಹೆಂಗೆ ಓಡಿ ಬರುತ್ತೆ."

ನನ್ನ ಮಾತಿಗೆ ಕಟ್ಟುಬಿದ್ದು ಅವಳು ಮುಖ ತಿರುಗಿಸಿದಳು. ನಾಯಿ ಗ್ಲೌಸ್ ಕಚ್ಚಿಕೊಂಡೇ ಬಹಳ ಹೊತ್ತು ನಿಂತಿತ್ತು. ಹೀಗೆ ಒಂದು ವಾರ ನಡೆಯಿತು. ಆಮೇಲೆ ಅದು ಅರ್ಧ ದಾರಿಗೆ ಬಂದು, ನಮ್ಮ ಮುಖ ನೋಡಿ, ಗ್ಲೌಸ್ ಕೆಳಗಿಟ್ಟು ಮಲಗತೊಡಗಿತು. ತಡವಾಗಿದ್ದು ತಪ್ಪೆಂದು ಅದಕ್ಕೆ ತಿಳಿಯಲಿಲ್ಲ, ತಂದದ್ದೇ ತಪ್ಪೆಂದುಕೊಂಡಿತು.

"ಅದು ತರಲ್ಲ, ನಾನ್ಯಾಕೆ ಎಸೀಲಿ?" ಎಂದು ಹೆಂಡತಿಯೂ ಕೈಯನ್ನು ಮಡಿಲಿಗೆ ಹಾಕಿಕೊಂಡಳು. ಅವಳ ವ್ಯಾಯಾಮ ಹತ್ತು ನಿಮಿಷ ತಡವಾದರೆ ನಾನು ಚಾಪೆ ಸುತ್ತಿಡುತ್ತಿದ್ದೆ. ಅದನ್ನೂ ಇಲ್ಲಿ ಬರೆಯಬೇಕು.

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿರುವ ನಾದಿನಿ ಬಂದವಳು ಎರಡು ದಿನ ಇದನ್ನೆಲ್ಲ ನೋಡಿದಳು. "ಭಾವ, ಅಕ್ಕನ್ನೂ ನಾಯಿನೂ ಹದಿನೈದು ದಿನ ಕರ್ಕೊಂಡು ಹೋಗ್ತೀನಿ. ನೀವಿಲ್ಲಿ ಸೈರನ್ ಊದ್ಕೊಂಡಿರಿ," ಅಂದಳು. ಅವರು ಹೋಗಿ ಈಗ ಮೂರನೇ ತಿಂಗಳು.

ಹೋದ ಭಾನುವಾರ ಅಲ್ಲಿಗೆ ಹೋದಾಗ ಗೇಟಿನ ಸಂದಿಯಿಂದಲೇ ಕಂಡಿತು. ಹೆಂಡತಿ ಎಸೆದ ಗ್ಲೌಸು ತುಳಸಿಕಟ್ಟೆಗೆ ಬಡಿಯಿತು. ನಾಯಿ ಕಟ್ಟೆಯನ್ನು ಒಂದು ಸುತ್ತು ಬಂತು, ಬೆಕ್ಕನ್ನು ನೋಡಿತು, ಆಮೇಲೆ ಗ್ಲೌಸ್ ಎತ್ತಿಕೊಂಡಿತು. ನನ್ನ ಕಣ್ಣು ವಾಚಿನ ಮೇಲೆ ಹೋಯಿತು. ಅವಳು ಅಂಗೈ ಬಿಚ್ಚಿ ಕಾಯುತ್ತಿದ್ದಳು. ನಾಯಿ ಕೊಟ್ಟಾಗ ಐದೂ ಬೆರಳು ಮಡಚಿಕೊಂಡವು.

ನಾನು ಗೇಟು ತಳ್ಳಿ ಒಳಗೆ ಹೋದೆ. ಅವಳು ಇನ್ನೊಮ್ಮೆ ಎಸೆದಳು. ನಾಯಿ ಎತ್ತಿಕೊಂಡು ತಿರುಗಿ, ನನ್ನನ್ನು ಕಂಡು, ಅರ್ಧ ಅಂಗಳದಲ್ಲಿ ಗ್ಲೌಸ್ ಕೆಳಗಿಟ್ಟು ಮಲಗಿತು.

"ರೀ, ನೀವು ಒಂಚೂರು ಹೊರಗೆ ನಿಂತ್ಕೋತೀರಾ?" ಅಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಹೊರಗೆ ಬಂದು ಗೇಟು ಹಾಕಿಕೊಂಡೆ.