ಹೆಬ್ಬೆರಳ ಮೇಲಿನ ಟೊಪ್ಪಿಗೆ

ನನ್ನ ಹೆಸರು ಮನ್ಮಥಪ್ಪ. ಹೆಸರಿಡುವಾಗ ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದು ಅದೇ ಹೆಸರಿನ ನಮ್ಮ ಮನೆತನದ ಗುರುಗಳು. ಕೇಳಿದವರ ಮನಸ್ಸಿಗೆ ಮಾತ್ರ ಕಾಮದೇವನೇ ಬರುತ್ತಿದ್ದ. ಒಮ್ಮೆ ನನ್ನ ಮುಖ ನೋಡುತ್ತಿದ್ದರು, ಆಮೇಲೆ ಪಾಪ, ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು.

ಕಿಟಕಿ ಅಂದರೆ ಬಸ್ಸಿನ ಕಿಟಕಿ. ಜಹೀರಾಬಾದಿನಿಂದ ನಾರಾಯಣಖೇಡಕ್ಕೂ ತಾಂಡೂರಿಗೂ ಓಡುವ ಬಸ್ಸುಗಳಲ್ಲಿ ಕಂಡಕ್ಟರ್ ಆಗಿ ನನ್ನ ಆಯುಷ್ಯ ಕಳೆಯಿತು. ಕನ್ನಡ, ತೆಲುಗು, ದಖ್ಖನಿ ಮೂರರಲ್ಲೂ ‘ಮುಂದೆ ಸರಿಯಿರಿ’ ಅನ್ನಲು ಬರುತ್ತಿತ್ತು. ಅದು ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ನಿವೃತ್ತನಾದ ಮೇಲೆ ಸರಿಸಲು ಸಿಕ್ಕವರು ಇಬ್ಬರೇ: ಹೆಂಡತಿ ಪ್ರೇಮಲಾ ಮತ್ತು ಸೊಸೆ ಸೌಂದರ್ಯಾ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆಯ ಮೇಲಿನ ಬೇಳೆ ಯಾವಾಗ ಇಳಿಯಬೇಕು, ರೊಟ್ಟಿ ಯಾವಾಗ ಹತ್ತಬೇಕು ಎಂದು ಹೇಳತೊಡಗಿದೆ. ಎರಡು ವಾರ ಸಹಿಸಿದ ಪ್ರೇಮಲಾ ಒಂದು ದಿನ ಲಟ್ಟಣಿಗೆ ಕೆಳಗಿಟ್ಟಳು.

“ರೀ, ಇದು ಬಸ್ಸಲ್ಲರಿ. ಕೆಳಗ ಇಳೀರಿ.”

ಸೌಂದರ್ಯಾ ಮೆತ್ತನೆಯ ಸ್ವಭಾವದವಳು. ಅವತ್ತು ಸಂಜೆ ಮೊಬೈಲು ಹಿಡಿದುಕೊಂಡು ನನ್ನ ಪಕ್ಕ ಬಂದು ಕುಳಿತಳು. “ಮಾವಾರ, ನಿಮ್ಮ ಕೈಗಿ ಏನರೆ ಕೆಲ್ಸ ಬೇಕ್ರಿ. ಇದು ನೋಡ್ರಿ.”

ಯಾವುದೋ ಹಿಮದ ದೇಶದ ಹೆಂಗಸು. ಎಡಗೈ ಹೆಬ್ಬೆರಳಿಗೆ ಉಣ್ಣೆಯ ದಾರ ಸುತ್ತಿಕೊಂಡಿದ್ದಾಳೆ. ಬಲಗೈಯಲ್ಲಿ ಚಪ್ಪಟೆ ಮರದ ಸೂಜಿ, ಒಂದೇ ಒಂದು. ಸೂಜಿ ಹಳೆಯ ಕುಣಿಕೆಯೊಳಗೆ ನುಗ್ಗುತ್ತದೆ, ತಿರುಗುತ್ತದೆ, ಹೆಬ್ಬೆರಳ ಮೇಲಿನ ಕುಣಿಕೆಯಲ್ಲಿ ಹೊರಗೆ ಬರುತ್ತದೆ. ಹೀಗೇ ಸುತ್ತುತ್ತಾ ಹೋದರೆ ಟೊಪ್ಪಿಗೆ, ಕಾಲುಚೀಲ. ಅವಳ ಮಾತು ನಮಗಿಬ್ಬರಿಗೂ ತಿಳಿಯಲಿಲ್ಲ. ಕೆಳಗೆ ಬರೆದದ್ದನ್ನು ಸೌಂದರ್ಯಾ ಓದಿದಳು: ಈ ಹೆಣಿಗೆಯಲ್ಲಿ ಬಗೆಬಗೆಯ ಹೊಲಿಗೆಗಳಿವೆ, ಓಸ್ಲೋ, ಯಾರ್ಕ್ ಅಂತ ಅವಕ್ಕೆ ಊರುಗಳ ಹೆಸರುಗಳಿವೆ.

ಊರುಗಳ ಹೆಸರು ಕೇಳಿದ ಕೂಡಲೆ ನನ್ನ ಕಿವಿ ನಿಮಿರಿತು. ಆ ಹೆಣಿಗೆಯನ್ನು ನಾನು ಕಲಿತದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಮತ್ತೆ ಊರು ಕೂಗುವ ಆಸೆಯಿಂದ.

ಬಿದಿರಿನ ಸೀಳನ್ನು ಕೆತ್ತಿ ಸೂಜಿ ಮಾಡಿಕೊಂಡೆ. ಉಣ್ಣೆಗಾಗಿ ನಾರಾಯಣಖೇಡದ ರೇವಪ್ಪನ ಮನೆಗೆ ಹೋದೆ. ಕುರಿ ಸಾಕುವ ರೇವಪ್ಪ ನನ್ನ ಬಸ್ಸಿನ ಹಳೆಯ ಗಿರಾಕಿ. ಅವನ ಹೆಂಡತಿ ಲಚ್ಚಮ್ಮ ಕಂಬಳಿಗೆಂದು ನೂತಿದ್ದ ಕರಿ ದಾರದ ಉಂಡೆ ಕೊಡುತ್ತಾ ಕೇಳಿದಳು: “ಯಾರಿಗಿ ಕಂಡಕ್ಟರ್ ಸಾಬ್, ಮೊಮ್ಮಕ್ಕಳಿಗೇನ್ರಿ?” ಟೊಪ್ಪಿಗೆ ಹೆಣೆಯುವವನು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. “ಮನ್ಯಾಗ ಬೇಕಾಗ್ಯದ” ಅಂದು ಬಸ್ಸು ಹತ್ತಿದೆ.

ವಿಡಿಯೋದವಳ ಊರುಗಳು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ನನ್ನ ಊರುಗಳ ಹೆಸರನ್ನೇ ಇಟ್ಟೆ. ಹೆಬ್ಬೆರಳ ಹಂಗಿಲ್ಲದೆ ಒಂದು ಕುಣಿಕೆಯಲ್ಲಿ ನುಗ್ಗಿ ಎಳೆಯುವ ಸುಲಭದ ಹೊಲಿಗೆ ಜಹೀರಾಬಾದ್. ಅದರ ಹೆಣಿಗೆ ಜಾಳು, ಬೆರಳು ತೂರುತ್ತದೆ. ಹೆಬ್ಬೆರಳ ಹಿಂದಿನ ಒಂದು ಕುಣಿಕೆಯನ್ನು ಹಿಡಿದು ತಿರುಗಿ ಬಂದರೆ ನಾರಾಯಣಖೇಡ್, ಸ್ವಲ್ಪ ದಪ್ಪ. ಹಿಂದಿನ ಎರಡೆರಡು ಕುಣಿಕೆಗಳನ್ನು ಹಿಡಿದು ಬರುವುದು ತಾಂಡೂರ್, ಕಂಬಳಿಗಿಂತ ದಪ್ಪ. ತಾಂಡೂರಿನ ದಾರಿಯಲ್ಲಿ ನಾನು ಪದೇಪದೇ ತಪ್ಪುತ್ತಿದ್ದೆ. ಈ ಹೆಣಿಗೆಯಲ್ಲಿ ತಪ್ಪಿದರೆ ದಾರ ಜಗ್ಗಿ ಬಿಚ್ಚಲು ಬರುವುದಿಲ್ಲ, ಪ್ರತಿ ಕುಣಿಕೆಯೂ ಗಂಟಿನಂತೆ ಕುಳಿತಿರುತ್ತದೆ. ಹೀಗಾಗಿ ನನ್ನ ಮೊದಲ ಟೊಪ್ಪಿಗೆ ಬೆಳೆಯುತ್ತಾ ಬೆಳೆಯುತ್ತಾ ಚೀಲವಾಯಿತು. ಪ್ರೇಮಲಾ ಅದರಲ್ಲಿ ಉಳ್ಳಾಗಡ್ಡಿ ತುಂಬಿ ಮೊಳೆಗೆ ತೂಗುಹಾಕಿದಳು.

ನಿಜವಾದ ಜಗಳ ಹುಟ್ಟಿದ್ದು ಹೊಲಿಗೆಯಿಂದಲ್ಲ, ಎಂಜಲಿನಿಂದ. ಇಲ್ಲಿ ದಾರವನ್ನು ಒಂದು ಮಾರಿನಷ್ಟು ತುಂಡು ಮಾಡಿಕೊಳ್ಳಬೇಕು. ಅದು ಮುಗಿದಾಗ ಅದರ ತುದಿಯನ್ನೂ ಹೊಸ ತುಂಡಿನ ತುದಿಯನ್ನೂ ಬಿಡಿಸಿ, ಒಂದರ ಮೇಲೊಂದು ಇಟ್ಟು, ಒದ್ದೆ ಮಾಡಿ ಅಂಗೈಯಲ್ಲಿ ತಿಕ್ಕಿದರೆ ಉಣ್ಣೆ ಕೂಡಿಕೊಳ್ಳುತ್ತದೆ. ವಿಡಿಯೋದವಳು ತುದಿಯನ್ನು ಬಾಯಲ್ಲಿಟ್ಟುಕೊಂಡಳು. ನಾನೂ ಇಟ್ಟುಕೊಂಡೆ.

“ಏನ್ರಿ ಇದು! ಕೊರಳಾಗ ಲಿಂಗ ಕಟ್ಕೊಂಡು ಕುರಿ ಕೂದಲ ಬಾಯಾಗ ಹಾಕ್ತೀರಲ್ಲ?” ಎಂದಳು ಪ್ರೇಮಲಾ. “ಈ ಎಂಜಲ ಟೊಪ್ಪಿಗಿ ಯಾರ ತಲಿ ಮ್ಯಾಲ ಇಡವ್ರಿ?”

“ನಿಮ್ಮಣ್ಣನ ತಲಿ ಮ್ಯಾಲ” ಅಂದೆ.

ತಮಾಷೆಗೆ ಅಂದದ್ದಲ್ಲ. ಅವಳ ಅಣ್ಣ ಶಿವಶಂಕರಪ್ಪನವರು ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ನಡೆಸುತ್ತಾರೆ. ಪುಷ್ಯ ಮಾಸದಲ್ಲಿ ಅವರ ಅರವತ್ತರ ಸಮಾರಂಭ ಇತ್ತು. ಅವರ ತಲೆ ದೊಡ್ಡದು. ನಾನು ಅನ್ನುತ್ತಿರುವುದು ಅಳತೆಯ ಮಾತು. ಅಂಗಡಿಯ ಟೊಪ್ಪಿಗೆ ಅವರಿಗೆ ಆಗುವುದಿಲ್ಲ. ಬೀಗರ ನಡುವೆ ನನ್ನನ್ನು ಸದಾ ‘ನಮ್ಮ ಕಂಡಕ್ಟರ್’ ಎಂದೇ ತೋರಿಸುವ ಅವರ ತಲೆಗೆ ನನ್ನ ಕೈಯ ಟೊಪ್ಪಿಗೆ ಇಡಬೇಕೆಂಬ ಹುಚ್ಚು ನನಗೆ ಹತ್ತಿತು. ಅಳತೆಗೆ ನಮ್ಮ ಅನ್ನದ ಬೋಗಾಣಿಯನ್ನೇ ಇಟ್ಟುಕೊಂಡೆ. ಹೆಣೆಯುವುದು, ಬೋಗಾಣಿಗೆ ತೊಡಿಸಿ ನೋಡುವುದು. ಅಡುಗೆಯ ಹೊತ್ತಿಗೆ ಬೋಗಾಣಿಗಾಗಿ ಎಳೆದಾಟ. ಕೊನೆಗೂ ಪೂರ್ತಿ ತಾಂಡೂರ್ ಹೊಲಿಗೆಯ ಟೊಪ್ಪಿಗೆ ಸಿದ್ಧವಾಯಿತು. ಹೊರಡುವ ಹಿಂದಿನ ದಿನ ನಾನು ಮಾಳಿಗೆಯ ಮೇಲೆ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಟೊಪ್ಪಿಗೆಯನ್ನು ಪ್ರೇಮಲಾ ಒಗೆದು, ಒಣಗಿಸಿ, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ನಾನು ಬಿಚ್ಚಿ ನೋಡಲಿಲ್ಲ.

ತಾಂಡೂರಿನಲ್ಲಿ ಪೆಂಡಾಲು, ಕುರ್ಚಿಗಳು, ಮೈಕು. ಶಾಲು ಹೊದಿಸುವವರ ಸಾಲಿನಲ್ಲಿ ನನ್ನ ಸರದಿ ಬಂತು. ಮೈಕು ಕೈಗೆ ಸಿಕ್ಕ ಕಂಡಕ್ಟರ್ ಸುಮ್ಮನಿರುತ್ತಾನೆಯೇ? “ಈ ಟೊಪ್ಪಿಗಿ ಯಾವ ಅಂಗಡ್ಯಾಗೂ ಸಿಗಾಂಗಿಲ್ಲರಿ. ಸೂಜಿ ಒಂದೇ, ಹೊಲಿಗಿ ತಾಂಡೂರ್!” ಎಂದು ಕೂಗಿ ಪೇಪರು ಬಿಚ್ಚಿದೆ.

ಒಳಗೆ ಗಟ್ಟಿಯಾದ ಕರಿ ಬಟ್ಟಲೊಂದಿತ್ತು. ಪ್ರೇಮಲಾ ಎಂಜಲು ಹೋಗಲೆಂದು ಟೊಪ್ಪಿಗೆಯನ್ನು ಹಂಡೆಯಲ್ಲಿ ಕುದಿಸಿ, ಸಾಬೂನು ಹಚ್ಚಿ, ಕಲ್ಲಿನ ಮೇಲೆ ಮನಸಾರೆ ತಿಕ್ಕಿದ್ದಳು. ಉಣ್ಣೆ ಕುಗ್ಗಿ, ಕುಣಿಕೆಗಳೆಲ್ಲ ಒಂದಾಗಿ, ಟೊಪ್ಪಿಗೆ ತೆಂಗಿನಕಾಯಿಗೆ ಆಗುವಷ್ಟಾಗಿತ್ತು. ಕೈ ಮುಂದೆ ಹೋಗಿಬಿಟ್ಟಿತ್ತು, ಇಟ್ಟೇಬಿಟ್ಟೆ. ಅದು ಅವರ ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕುಳಿತು, ಜಾರಿ, ಮಡಿಲಿಗೆ ಬಿತ್ತು.

ಪೆಂಡಾಲು ನಗೆಯಲ್ಲಿ ಮುಳುಗಿತು. ಶಿವಶಂಕರಪ್ಪನವರು ನಗಲಿಲ್ಲ. ಟೊಪ್ಪಿಗೆಯನ್ನು ತಿರುಗಿಸಿ ನೋಡಿ ಕೇಳಿದರು: “ಮನ್ಮಥಪ್ಪಾ, ನನ್ನ ತಲಿ ಇಷ್ಟ ಸಣ್ಣದದಂತ ನಿನಗ ಯಾರು ಹೇಳ್ಯಾರ?” ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಅವರ ಮಾತು ಓಣಿಗೆಲ್ಲ ಕೇಳಿಸಿತು.

ಟೊಪ್ಪಿಗೆ ಇಸಕೊಂಡು ಹಿತ್ತಲಿಗೆ ಓಡಿದೆ. ಅಲ್ಲಿ ಅವರ ಕಾರ್ಖಾನೆಯ ಮುಂದೆ ಚಹಾದಂಗಡಿ ಇಟ್ಟಿರುವ ಭೂದೇವಿ ಆ ಚಳಿಯಲ್ಲಿ ಚಹಾ ಮಾಡುತ್ತಿದ್ದಳು. ಚಹಾದ ಕಿಟಲಿ ಪೆಂಡಾಲು ಸೇರುವಷ್ಟರಲ್ಲಿ ಚಹಾ ಆರಿಹೋಗುತ್ತದೆಂದು ಅವಳಿಗೆ ಬೈಗುಳ ಬಿದ್ದಿತ್ತು. ನನ್ನ ಕೈಯಲ್ಲಿದ್ದದ್ದನ್ನು ನೋಡಿ, “ಇಲ್ಲಿ ಕೊಡ್ರಿ ಕಾಕಾ” ಎಂದು ಇಸಕೊಂಡು ಕಿಟಲಿಯ ಮೇಲೆ ಕವಿಚಿದಳು. ಅದು ಮುಚ್ಚಳವನ್ನು ಮುಚ್ಚಿ ಕಿಟಲಿಯ ಭುಜದವರೆಗೂ ಇಳಿಯಿತು.

ಸ್ವಲ್ಪ ಹೊತ್ತಿಗೆ ಕೈಯಲ್ಲಿ ಚಹಾದ ಲೋಟ ಹಿಡಿದು ಶಿವಶಂಕರಪ್ಪನವರೇ ಹಿತ್ತಲಿಗೆ ಬಂದರು. ಲೋಟದಿಂದ ಹೊಗೆ ಏಳುತ್ತಿತ್ತು. ಟೊಪ್ಪಿಗೆ ತೊಟ್ಟ ಕಿಟಲಿಯನ್ನು ನೋಡಿದರು, ನನ್ನನ್ನು ನೋಡಿದರು. “ಇದಕ್ಕ ಬರೊಬ್ಬರಿ ಆಗ್ಯದ” ಎಂದವರು ನಗಲು ಶುರು ಮಾಡಿ ಚಹಾವನ್ನೆಲ್ಲ ಹೊಸ ಶಾಲಿನ ಮೇಲೆ ಚೆಲ್ಲಿಕೊಂಡರು. ನನಗೂ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷದ ನಂಟಿನಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಊರಿಗೆ ಮರಳುವ ಬಸ್ಸಿನಲ್ಲಿ ಪ್ರೇಮಲಾ, “ಕುದಿಸಬಾರದಿತ್ತೇನ್ರಿ?” ಎಂದಳು. ಅವಳ ಮುಖ ಚಿಕ್ಕದಾಗಿತ್ತು. “ಕುದಿಸಿದ್ದಕ್ಕ ಒಂದು ಉಪಯೋಗ ಆತು. ನಾ ಮಾಡಿದ್ದಕ್ಕ ಏನಿತ್ತು?” ಎಂದೆ.

ಭೂದೇವಿ ಆ ಟೊಪ್ಪಿಗೆಯನ್ನು ಮರಳಿ ಕೊಡಲಿಲ್ಲ. ಅವಳನ್ನು ನೋಡಿ ತಾಂಡೂರಿನ ಬೇರೆ ಚಹಾದಂಗಡಿಯವರೂ ಅಂಥದ್ದೇ ಬೇಕೆಂದು ಕೇಳಿದರು. ಈಗ ನಾನು ಬೇಕೆಂದೇ ದೊಡ್ಡದಾಗಿ ಹೆಣೆಯುತ್ತೇನೆ, ಪ್ರೇಮಲಾ ಬೇಕೆಂದೇ ಕುದಿಸುತ್ತಾಳೆ. ದಾರ ಕೂಡಿಸಲು ನನ್ನ ಮುಂದೆ ಒಂದು ಬಟ್ಟಲು ನೀರಿಟ್ಟಿದ್ದಾಳೆ. ದಾರ ಬಾಯಿಯ ಕಡೆ ಹೊರಟರೆ ಅಡುಗೆಮನೆಯಿಂದಲೇ ಕೆಮ್ಮುತ್ತಾಳೆ.

ಮೊನ್ನೆ ಭೂದೇವಿ ಫೋನು ಮಾಡಿದಳು. ಹೊಸ ಟೊಪ್ಪಿಗೆ ಕಿಟಲಿಯನ್ನು ತಳದವರೆಗೂ ಮುಚ್ಚುತ್ತದೆ, ಆದರೆ ಚಹಾ ಸುರಿಯುವ ಮೂತಿಗೆ ದಾರಿಯನ್ನೇ ಬಿಟ್ಟಿಲ್ಲವಂತೆ. ತಾಂಡೂರಿನ ಬಸ್ಸಿನಲ್ಲಿ ಅದು ಮರಳಿ ಬಂತು. ಮತ್ತೆ ಮೊದಲಿನಿಂದ ಹೆಣೆಯಬೇಕಲ್ಲ ಎಂದು ನಾನು ತಲೆಗೆ ಕೈ ಹಚ್ಚಿ ಕುಳಿತಿದ್ದಾಗ ಪ್ರೇಮಲಾ ಅದನ್ನು ಚಹಾ ತುಂಬಿದ ನಮ್ಮ ಮನೆಯ ಕಿಟಲಿಗೆ ತೊಡಿಸಿ, ಕತ್ತರಿ ತಂದಳು.

“ಬ್ಯಾಡ! ಜಗ್ಗಿದ್ರ ಬಿಚ್ಚಂಗಿಲ್ಲ ಖರೆ, ಕತ್ತರಿ ಹಚ್ಚಿದ್ರ ಎಲ್ಲಾ ಬಿಚ್ಚಿ ಹೋಗ್ತದ!” ಎಂದು ಕೂಗಿ ಕಣ್ಣು ಮುಚ್ಚಿಕೊಂಡೆ. ಕತ್ತರಿ ಕಚಕ್ಕೆಂದಿತು. ಕುದಿದು ಒಂದಾದ ಆ ಉಣ್ಣೆಯಲ್ಲಿ ಒಂದು ಎಳೆಯೂ ಬಿಚ್ಚಿಲ್ಲವೆಂದು ಆಮೇಲೆ ಕಂಡೆ. ಮೊದಲು ಕೇಳಿಸಿದ್ದು ಲೋಟಕ್ಕೆ ಚಹಾ ಬೀಳುವ ಸದ್ದು.

“ಕಣ್ಣು ತೆಗೀರಿ” ಎಂದಳು. “ಚಾ ಕುಡೀರಿ.”